ರಾಜಸಭೆಯಲ್ಲಿ ಮೆಣಸು ಒಣಗಿಸಿದ ಉಪದೇಶಿಯಮ್ಮ

ಉಪದೇಶಿಯಮ್ಮನ ಪಾದಕ್ಕೆ ಹೊಂದುವ ಹೆಂಗಸರ ಚಪ್ಪಲಿ ಸಕಲೇಶಪುರದ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೆರಳುಗಳೆಲ್ಲ ಬೀಸಣಿಗೆಯಂತೆ ಬಿಚ್ಚಿಕೊಂಡು, ಹೆಬ್ಬೆರಳು ಒಂದು ದಿಕ್ಕಿಗೆ, ಕಿರುಬೆರಳು ಇನ್ನೊಂದು ದಿಕ್ಕಿಗೆ ನೋಡುತ್ತಿದ್ದವು. ಲಂಗ ಉಡುವ ವಯಸ್ಸಿನಿಂದ ಎಸ್ಟೇಟಿನ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕಾಲಿನಲ್ಲೇ ಸಾಲು ಬಿಡಿಸಿ ತಿರುವಿದ ಪಾದಗಳು ಅವು. ಕೊನೆಗೆ ಗಂಡಸರ ಕರಿ ಚಪ್ಪಲಿ ಕೊಂಡರು. ಬಿಳಿ ಸೀರೆಯ ಕೆಳಗೆ ಅದನ್ನು ಮೆಟ್ಟಿಕೊಂಡು ಟಪ್ ಟಪ್ ಎಂದು ಚರ್ಚಿನೊಳಗೆ ಬಂದರೆ, ಪ್ರಸಂಗ ಮಾಡುತ್ತಿದ್ದ ಪಾಸ್ಟರರು ಅವರು ಬೆಂಚಿನ ಮೇಲೆ ಕೂರುವವರೆಗೆ ಸುಮ್ಮನೆ ಕಾಯುತ್ತಿದ್ದರು.

ಹಾನುಬಾಳಿನ ಆಚೆ, ತೋಟದ ದಾರಿಯಲ್ಲಿರುವ ನಮ್ಮ ಪುಟ್ಟ ಚರ್ಚಿಗೆ ಅವರ ಗಂಡ ಉಪದೇಶಿಯಾಗಿದ್ದರು. ಪಾಸ್ಟರರು ತಿಂಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಮಿಕ್ಕ ಭಾನುವಾರದ ಪ್ರಾರ್ಥನೆ, ಮಕ್ಕಳ ಪಾಠ, ಕಾಯಿಲೆಯವರ ಮನೆಗೆ ಹೋಗುವುದು ಎಲ್ಲವೂ ಉಪದೇಶಿಯದೇ ಕೆಲಸ. ಗಂಡ ತೀರಿಕೊಂಡ ಮೇಲೆ ಆ ಕೆಲಸವನ್ನು ಇವರಿಗೆ ಯಾರೂ ಕೊಡಲಿಲ್ಲ, ಇವರೂ ಯಾರನ್ನೂ ಕೇಳಲಿಲ್ಲ. ಮಾಡುತ್ತಾ ಹೋದರು, ಅಷ್ಟೆ.

ಅವರ ಪ್ರಾರ್ಥನೆಯನ್ನು ನೀವು ಕೇಳಬೇಕಿತ್ತು. ದೇವರಿಗೆ ದಾರಿ ಹೇಳುತ್ತಿದ್ದರು. "ಸ್ವಾಮೀ, ನಮ್ಮ ಎಸ್ಟೇಟ್ ರೈಟರ್ ಹೆಂಡ್ತಿಗೆ ಮಂಡಿನೋವು. ಬಸ್‌ಸ್ಟ್ಯಾಂಡಿಂದ ಮೇಲಕ್ಕೆ ಹತ್ತಿದ್ರೆ ಎಡಗಡೆ ನೀಲಿ ಬಾಗ್ಲು. ನಾಯಿ ಐತೆ, ಕಚ್ಚಲ್ಲ, ನೀನು ಒಳಕ್ಕೆ ಹೋಗು." ಇದೆಲ್ಲವೂ ತೋಟದ ಆಚೆ ಬದಿಗೆ ಕೇಳಿಸುವ ಗಂಟಲಿನಲ್ಲಿ. ಮೆಲ್ಲಗೆ ಹೇಳಿ ಅಂದರೆ, "ದೇವ್ರು ಕಿವುಡ ಅಲ್ಲ ಕಣೇ, ಆದ್ರೆ ಗೊಣಗಿದ್ರೆ ಅವ್ನಿಗೂ ಬೇಜಾರು" ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ನನ್ನ ಮಗ ಹಾನುಬಾಳಿನಲ್ಲಿ ಜೀಪು ಓಡಿಸುತ್ತಾನೆ. ಸೊಸೆ ಎರಡು ಸಲ ಬಸುರಾದಳು, ಎರಡು ಸಲವೂ ಕೂಸು ಕೈಗೆ ಬರಲಿಲ್ಲ. ಮೂರನೆಯ ಸಲ ಐದು ತಿಂಗಳು ದಾಟಿದಾಗ ನನಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಅವಳು ಮೆಟ್ಟಿಲು ಇಳಿದರೆ ನಾನು ಕೆಳಗೆ ಕೈ ಚಾಚಿಕೊಂಡು ನಿಲ್ಲುತ್ತಿದ್ದೆ, ಕೆಮ್ಮಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈ ಕೂಸು ಉಳಿಯಬೇಕು ಎನ್ನುವುದೊಂದು ಬಿಟ್ಟು ನನಗೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ.

ಆಗಲೇ ಶ್ರೀಲಂಕಾದ ಪ್ರವಾಸದ ಮಾತು ಬಂತು. ಅಲ್ಲಿನ ಒಂದು ಟೀ ತೋಟದ ಚರ್ಚಿನವರು ಮಕ್ಕಳ ಶಾಲೆಗೆ ಕೋಣೆ ಕಟ್ಟುತ್ತಿದ್ದರು. ನಮ್ಮ ಸ್ತ್ರೀಯರ ಸಂಘದಿಂದ ಒಂದಷ್ಟು ಜನ ಪಾಸ್ಟರರ ಜೊತೆ ಹತ್ತು ದಿನ ಹೋಗಿ ಗೋಡೆಗೆ ಬಣ್ಣ ಹೊಡೆದು, ಅಡಿಗೆ ಮಾಡಿ, ಸೇವೆ ಮಾಡಿ ಬರುವುದು. ನಮ್ಮಲ್ಲಿಗೆ ಹೊರಗಿನಿಂದ ಮಿಷನ್ನಿನವರು ಬರುವುದನ್ನು ನೋಡಿದ್ದೆವೇ ಹೊರತು ನಾವೇ ಮಿಷನ್ನಿನವರಾಗುವುದು ಯಾರ ಕನಸಿನಲ್ಲೂ ಇರಲಿಲ್ಲ. ಉಪದೇಶಿಯಮ್ಮ ನೆಟ್ಟಗೆ ನಮ್ಮ ಮನೆಗೆ ಬಂದರು.

"ನಿನ್ನ ಹೆಸ್ರು ಕೊಟ್ಟಿದ್ದೀನಿ. ಫೋಟೋ ತೆಗಿಸ್ಕೊ. ಪಾಸ್‌ಪೋರ್ಟು ಮಾಡಿಸ್ಬೇಕು."

"ಅಕ್ಕಾ, ಸೊಸೇನ ಇಂಥ ಹೊತ್ತಲ್ಲಿ ಬಿಟ್ಟು ನಾನು ಎಲ್ಲಿಗೆ ಬರ್ಲಿ? ನಾವು ಹೋಗೋ ಹೊತ್ತಿಗೆ ಅವಳಿಗೆ ದಿನ ತುಂಬ್ತಾ ಇರ್ತದೆ!"

"ನಾವು ವಾಪಸ್ ಬಂದು ಹದಿನೈದು ದಿನ ಆದ್ಮೇಲೆ ಅಂತ ಡಾಕ್ಟ್ರು ಹೇಳವ್ರೆ. ಅವಳ ಅವ್ವ ಬಂದು ಇರ್ತಾಳೆ. ನೀನಿದ್ದು ಏನ್ ಮಾಡ್ತೀಯ? ನೀನು ಹೆರ್ತೀಯ?"

ಸೊಸೆ ಒಳಗೆ ಪಾತ್ರೆ ತೊಳೆಯುತ್ತಾ, "ಹೋಗ್ಬನ್ನಿ ಅತ್ತೆ, ದೇವರ ಕೆಲ್ಸ" ಅಂದಳು. ಎಂಥ ದೊಡ್ಡ ಮನಸ್ಸು ಎಂದು ನಾನು ಅದಕ್ಕೂ ಅತ್ತೆ.

ಹೊರಟ ದಿನ ವ್ಯಾನು ಸಕಲೇಶಪುರದ ಆಚೆಯ ಪಾಳ್ಯ ದಾಟುವಷ್ಟರಲ್ಲಿ ನಾನು ಸೊಸೆಗೆ ಮತ್ತೆ ಮತ್ತೆ ಫೋನು ಮಾಡಿದ್ದೆ. ಉಪದೇಶಿಯಮ್ಮ ಕೈ ಚಾಚಿದರು. "ಕೊಡಿಲ್ಲಿ." ಫೋನು ಅವರ ಬ್ಯಾಗಿನೊಳಗೆ, ಬೈಬಲ್ಲಿನ ಕೆಳಗೆ ಹೋಯಿತು. ದಿನಕ್ಕೊಂದು ಸಲ, ಸಂಜೆಯ ಪ್ರಾರ್ಥನೆ ಆದ ಮೇಲೆ ಮಾತ್ರ ಕೊಡುವುದೆಂದು ತೀರ್ಪಾಯಿತು. "ಪಾಸ್ಟರ್, ನೀವಾದ್ರೂ ಹೇಳಿ" ಎಂದೆ. ಪಾಸ್ಟರರು ಕಿಟಕಿಯ ಹೊರಗೆ ಗದ್ದೆ ನೋಡತೊಡಗಿದರು.

ವಿಮಾನದಲ್ಲಿ ಉಪದೇಶಿಯಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಪಿಸುಮಾತಿನಲ್ಲಿ ಪ್ರಾರ್ಥನೆ ಮಾಡಿದರು. ಯಾಕೆಂದು ಕೇಳಿದೆ. "ಇಷ್ಟು ಹತ್ರಕ್ಕೆ ಬಂದಿದ್ದೀವಲ್ಲೇ" ಎಂದರು. ಲಂಕೆಯಲ್ಲಿ ಇಳಿದು ಮೊದಲ ಸಂಜೆ ಮತ್ತೆ ಹಳೆಯ ಗಂಟಲು: "ಸ್ವಾಮೀ, ನಾವೀಗ ಊರಲ್ಲಿಲ್ಲ, ಅಲ್ಲಿ ಹುಡುಕ್ಬ್ಯಾಡ. ಸಮುದ್ರ ದಾಟಿ, ಟೀ ತೋಟದ ಮಧ್ಯ ತಗಡಿನ ಚಾವಣಿ ಕಾಣ್ತದಲ್ಲ, ಅದ್ರ ಒಳ್ಗಿದ್ದೀವಿ. ಇವಳ ಸೊಸೆ ಮಾತ್ರ ಅಲ್ಲೇ ಅವಳೆ. ಎರಡೂ ಕಡೆ ನೋಡ್ಕೋ."

ಆ ತೋಟದ ಜನ ತಮಿಳಿನವರು. ತಮಿಳು ಕೂಲಿಗಳೂ ಇರುವ ನಮ್ಮ ಎಸ್ಟೇಟಿನ ಲೈನು ಮನೆಗಳಲ್ಲಿ ಬೆಳೆದ ಉಪದೇಶಿಯಮ್ಮನಿಗೆ ತಮಿಳು ನೀರು ಕುಡಿದಷ್ಟು ಸುಲಭ. ನಾವು ಬಣ್ಣ ಹೊಡೆದೆವು. ಗೋಡೆಗಿಂತ ನಮ್ಮ ಮೈಗೆ ಹೆಚ್ಚು ಬಣ್ಣವಾಯಿತು. ಅವರು ಮಾತ್ರ ಊರಿನಿಂದ ತಂದಿದ್ದ ಕಾಫಿ ಪುಡಿಯ ಡಬ್ಬ ಬಿಚ್ಚಿ, ಟೀ ಕೀಳುವ ಹೆಂಗಸರಿಗೆಲ್ಲ ಡಿಕಾಕ್ಷನ್ ಇಳಿಸುವುದನ್ನು ಕಲಿಸಿದರು. "ನಾವು ಬಂದಿರುವುದು ಸುವಾರ್ತೆಗೆ" ಎಂದು ಪಾಸ್ಟರರು ನೆನಪಿಸಿದರು. "ಕುಡ್ದು ನೋಡಿ ಪಾಸ್ಟರ್, ಇದಕ್ಕಿಂತ ಒಳ್ಳೇ ಸುದ್ದಿ ಬೆಳಗ್ಗೆ ಹೊತ್ತು ಯಾವ್ದೈತೆ?" ಅಂದರು.

ನಮ್ಮ ಕಡೆ ಹಳಬರ ಒಂದು ಪದ್ಧತಿಯಿದೆ. ಮೊದಲು ಕೂಸು ಕಳೆದುಕೊಂಡ ಮನೆಯಲ್ಲಿ ಮತ್ತೆ ಹೆರಿಗೆಯಾಗುವುದಿದ್ದರೆ, ಹೆತ್ತವಳಿಗೆ ಅನ್ನದ ಜೊತೆ ಕೊಡುವ ಬಾಣಂತಿ ಖಾರಕ್ಕೆ ಸ್ವಂತ ಬಳ್ಳಿಯ ಕಾಳುಮೆಣಸು ಹಾಕುವುದಿಲ್ಲ, ಹಲವು ಮನೆಗಳಿಂದ ಕೇಳಿ ತಂದ ಮೆಣಸು ಹಾಕಬೇಕು. ಆಗ ಕೂಸಿಗೆ ಹಲವು ಮನೆಗಳ ಬಲ ಬರುತ್ತದಂತೆ. ಪಾಸ್ಟರರಿಗೆ ಇಂಥದ್ದೆಲ್ಲ ಹಿಡಿಸುವುದಿಲ್ಲ. ಆದರೂ ಕಡೆಯ ಸಂಜೆ ಉಪದೇಶಿಯಮ್ಮ ಆ ತಮಿಳು ಹೆಂಗಸರ ಕಿವಿಯಲ್ಲಿ ಏನೋ ಹೇಳಿದರು. ಬೆಳಗ್ಗೆ ನಾವು ಹೊರಡುವ ಹೊತ್ತಿಗೆ ಮನೆಮನೆಯಿಂದಲೂ ಬೊಗಸೆ ಬೊಗಸೆ ಹಸಿ ಮೆಣಸು ಬಂತು. ಮೆಣಸು ಬೆಳೆಯುವ ಹಾನುಬಾಳಿನವಳಿಗೆ ಮೆಣಸಿನ ಉಡುಗೊರೆ! ಆದರೂ ಸೆರಗೊಡ್ಡಿ ಈಸಿಕೊಂಡೆ. ಯಾವ ದೇಶದ ಹೆಂಗಸರೋ, ನನ್ನ ಸೊಸೆಯ ಮುಖ ಕಂಡವರಲ್ಲ.

ಬೆಟ್ಟ ಇಳಿಯುವಾಗ ಜೋರು ಮಳೆ. ವ್ಯಾನಿನ ತಲೆಯ ಮೇಲಿಟ್ಟ ಚೀಲದೊಳಗೆ ನೀರು ಹೊಕ್ಕಿತು. ಮಾರನೆಯ ದಿನ ಚೀಲದಿಂದ ಹುಳಿ ವಾಸನೆ ಬರತೊಡಗಿತು. ಇನ್ನು ಒಂದು ದಿನ ಹೀಗೇ ಇದ್ದರೆ ಮೆಣಸಿಗೆ ಬೂಸ್ಟು ಹಿಡಿಯುತ್ತದೆ. ಕೂಸಿಗೆಂದು ಬಂದ ಮೆಣಸು ಕೊಳೆತರೆ ಏನರ್ಥ? ನಾನು ಚೀಲದ ಬಾಯಿ ಬಿಚ್ಚಿ ಮತ್ತೆ ಮತ್ತೆ ಮೂಸಿ ನೋಡಿದೆ.

ಆ ದಿನವೇ ನಮ್ಮನ್ನು ಪೊಲೊನ್ನರುವ ಎಂಬ ಹಾಳೂರು ನೋಡಲು ಕರೆದೊಯ್ದಿದ್ದು. ಸಾವಿರ ವರ್ಷದ ಹಿಂದಿನ ರಾಜಧಾನಿ. ಮುರಿದ ಗೋಡೆ, ತಲೆಯಿಲ್ಲದ ಕಂಬ, ಎತ್ತ ನೋಡಿದರೂ ಇಟ್ಟಿಗೆ. ಪಾಸ್ಟರರು ರಾಜರ ಚರಿತ್ರೆ ಹೇಳುತ್ತಾ ಮುಂದೆ ಹೋದರು. ಉಪದೇಶಿಯಮ್ಮ ಹಿಂದೆ ಉಳಿದು, "ಬಿದ್ದೋಗಿರೋ ಮನೆ ನೋಡಕ್ಕೆ ವಿಮಾನದಲ್ಲಿ ಬರ್ಬೇಕಾ? ನಮ್ಮ ಹಳೇ ಲೈನು ಮನೆಗಳೂ ಹಿಂಗೇ ಅವೆ, ಯಾರಾದ್ರೂ ಫೋಟೋ ತೆಗೀತಾರಾ?" ಎಂದು ಕೇಳಿದರು.

ಅಷ್ಟರಲ್ಲಿ ರಾಜನ ಸಭಾಮಂಟಪ ಬಂತು. ಕಂಬಗಳ ನಡುವೆ ಚಾವಣಿಯಿಲ್ಲದ ಅಗಲವಾದ ಕಲ್ಲಿನ ಜಗಲಿ, ಮೇಲೆ ಉರಿಬಿಸಿಲು. ಉಪದೇಶಿಯಮ್ಮ ಚಪ್ಪಲಿ ಕಳಚಿ ಕಲ್ಲಿನ ಮೇಲೆ ಒಂದು ಕಾಲಿಟ್ಟರು, ತೆಗೆದರು, ಇನ್ನೊಂದು ಇಟ್ಟರು. ಕಣದ ಕಾವನ್ನು ಅಂಗಾಲಿನಲ್ಲೇ ಅಳೆಯುವವರು ಅವರು.

"ಏನ್ ಕಾವು ಮಾರಾಯ್ತಿ! ಇಂಥ ಕಣ ನಮ್ಮ ಸಾಹುಕಾರ್ರ ಎಸ್ಟೇಟಲ್ಲೂ ಇಲ್ಲ. ಮೆಣಸು ತಾ!"

ವ್ಯಾನಿನಿಂದ ಚೀಲ ಹೊತ್ತು ತಂದೆ, ಇನ್ನೇನು ಮಾಡಲಿ! ಅವರ ಹಳೆಯ ಸೀರೆ ಹಾಸಿದೆವು, ಮೆಣಸು ಹರಡಿದೆವು. ಉಪದೇಶಿಯಮ್ಮ ಸೀರೆ ಎತ್ತಿ ಕಟ್ಟಿ, ಮೆಣಸಿನ ನಡುವೆ ಪಾದ ಎಳೆಯುತ್ತಾ ಸಾಲು ಬಿಡಿಸತೊಡಗಿದರು. ಎತ್ತರದ ಬಿಳಿ ಪ್ರವಾಸಿಗರು ನಾಲ್ಕಾರು ಜನ ನಿಂತು, ಇದು ರಾಜರ ಕಾಲದ ಏನೋ ಆಚರಣೆ ಇರಬೇಕೆಂದುಕೊಂಡು ಫೋಟೋ ತೆಗೆದರು. ಪಾಸ್ಟರರು ಓಡಿ ಬಂದರು.

"ಅಮ್ಮಾ! ಇದು ರಾಜನ ಸಭೆ!"

"ರಾಜ ಈಗ ಬಂದು ಕೂರ್ತಾನಾ? ಬಂದ್ರೆ ಎತ್ಕೋತೀವಿ."

ರಾಜ ಬರಲಿಲ್ಲ, ಸೀಟಿ ಊದಿಕೊಂಡು ಕಾವಲುಗಾರ ಬಂದ. ಟೋಪಿ ಹಾಕಿದ ಕೆಂಪು ಕಣ್ಣಿನ ಮನುಷ್ಯ. ಅವನು ಸಿಂಹಳದಲ್ಲಿ ಬೈದ, ಉಪದೇಶಿಯಮ್ಮ ಕನ್ನಡದಲ್ಲಿ ಬೈದರು. ಇಬ್ಬರಿಗೂ ಪೂರ್ತಿ ಅರ್ಥವಾಯಿತೆಂದು ಕಾಣುತ್ತದೆ. ನಮ್ಮ ಡ್ರೈವರು ನಡುವೆ ನಿಂತು, ಎಲ್ಲರನ್ನೂ ಆಫೀಸಿಗೆ ಕರೆದೊಯ್ಯುತ್ತಾನಂತೆ ಎಂದು ತಮಿಳಿನಲ್ಲಿ ಹೇಳಿದ. ಪಾಸ್ಟರರ ಮುಖ ಸುಣ್ಣದ ಹಾಗಾಯಿತು. ನಾನು ಬಗ್ಗಿ ಮೆಣಸು ಬಾಚತೊಡಗಿದೆ.

ಆಗ ಉಪದೇಶಿಯಮ್ಮನ ಬ್ಯಾಗಿನೊಳಗೆ ನನ್ನ ಫೋನು ಕೂಗಿತು. ಅದು ಮಗ ಫೋನು ಮಾಡುವ ಹೊತ್ತಲ್ಲ.

ಅವರೇ ತೆಗೆದು ಕಿವಿಗಿಟ್ಟುಕೊಂಡರು. "ಹಲೋ" ಅಂದರು. ಬೈಯುತ್ತಿದ್ದ ಕಾವಲುಗಾರನಿಗೆ ಸುಮ್ಮನಿರೆಂದು ಕೈ ಅಡ್ಡ ಹಿಡಿದರು. ನಾನು ಮೆಣಸಿನ ಮೇಲೇ ಕೂತು ಅವರ ಸೆರಗು ಜಗ್ಗಿದೆ. "ಏನಕ್ಕಾ? ಹೇಳಿ ಅಕ್ಕಾ."

ಅವರು ಬಗ್ಗಿ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದರು. ಒಳಗೆ ಒಂದು ಕೂಸು ಅಳುತ್ತಿತ್ತು. ಏನು ಅಳು! ಗಂಟಲು ಹರಿಯುವ ಹಾಗೆ, ಊರಿಗೆಲ್ಲ ಕೇಳುವ ಹಾಗೆ!

"ಹೆಣ್ಣು ಕಣೇ. ಹದಿನೈದು ದಿನಕ್ಕೂ ಮುಂಚೇನೇ ಬಂದ್ಬುಟ್ಟವಳೆ. ತಾಯಿ ಕೂಸು ಇಬ್ರೂ ಚೆನ್ನಾಗವ್ರೆ."

ನಾನು ಹೇಗೆ ಕೂಗಿದೆನೋ ನನಗೆ ಗೊತ್ತಿಲ್ಲ. ಕಂಬದ ಮೇಲಿದ್ದ ಕೋತಿಗಳು ಓಡಿಹೋದವು. ನಮ್ಮ ಹೆಂಗಸರು ರಾಜನ ಸಭೆಯಲ್ಲಿ ಚಪ್ಪಾಳೆ ತಟ್ಟಿ ಕುಣಿದರು. ಉಪದೇಶಿಯಮ್ಮ ಕಾವಲುಗಾರನ ಕೈ ಹಿಡಿದು, "ಮೊಮ್ಮಗು ಕಣಪ್ಪಾ, ಮೊಮ್ಮಗು!" ಎಂದು ಕುಲುಕಿದರು. ಡ್ರೈವರು ವಿವರಿಸಿದ. ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಂಡು, ಏನೋ ಹೇಳಿದ.

"ಒಣಗಿಸಬಹುದಂತೆ," ಎಂದ ಡ್ರೈವರು. "ಆದರೆ ಆಚೆ, ಕಾವಲು ಕೋಣೆಯ ಹಿಂದೆ. ಇಲ್ಲಿ ಹಾಕಿದರೆ ರಾಜ ಸುಮ್ಮನಿದ್ದರೂ ಇವನ ಸಾಹೇಬರು ಬಿಡುವುದಿಲ್ಲವಂತೆ."

ಆ ಕೋಣೆಯ ಹಿಂದೆ ಮೆಣಸು ಸಂಜೆಯವರೆಗೆ ಬಿಸಿಲು ಕಂಡಿತು. ಆಮೇಲೆ ಊರಿನಲ್ಲಿ ಪೂರ್ತಿ ಒಣಗಿ, ಖಾರವಾಗಿ ನನ್ನ ಸೊಸೆಯ ಹೊಟ್ಟೆ ಸೇರಿತು. ಮೊಮ್ಮಗಳಿಗೆ ಈಗ ಎರಡೂವರೆ ವರ್ಷ. ಮಾತು ನಿಲ್ಲುವುದೇ ಇಲ್ಲ. ಕೋಳಿಯ ಜೊತೆ ಜಗಳ, ಜೀಪಿನ ಹಾರನ್ನಿನ ಜೊತೆ ಜಗಳ, ಅಪ್ಪನ ಮೀಸೆಯ ಜೊತೆ ಜಗಳ. ನೋಡಿದಷ್ಟೂ ನನಗೆ ಸಾಲದು.

ಉಪದೇಶಿಯಮ್ಮ ಹೋದ ವರ್ಷ ಕಾಫಿ ಹೂವಾದ ವಾರ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದು ಅಡಿಗೆಮನೆಯಲ್ಲಿ ಕೂತಿದ್ದಾಗ ಸೊಸೆ ಅಳುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಕ್ಕಳು.

"ಅತ್ತೆ, ಒಂದು ವಿಷ್ಯ ಹೇಳ್ತೀನಿ, ಬೈಬಾರ್ದು. ನಿಮ್ಮನ್ನ ಆವತ್ತು ಕರ್ಕೊಂಡ್ ಹೋಗಿ ಅಂತ ಉಪದೇಶಿಯಮ್ಮನ್ನ ಕೇಳ್ಕೊಂಡೋಳು ನಾನೇ."

"ಯಾಕೆ ಮಗಾ?"

"ನೀವು ದಿನಾ ನನ್ನ ಹೊಟ್ಟೆ ನೋಡಿ ಕಣ್ಣೀರು ಹಾಕ್ತಿದ್ರಿ. ಮಲಗಿದ್ರೆ ಉಸಿರು ಐತಾ ಅಂತ ಮೂಗಿನ ಹತ್ರ ಬೆರಳು ಇಡ್ತಿದ್ರಿ. ನಿಮ್ಮ ಮುಖ ನೋಡಿ ನೋಡಿ ನಂಗೂ ಈ ಕೂಸು ಉಳಿಯಲ್ಲ ಅನ್ಸೋಕೆ ಶುರುವಾಗಿತ್ತು. ಅವರು ಮೊದ್ಲು, ದೋಣಿಗಲ್‌ಗೆ ನಿಮ್ಮ ತಂಗಿ ಮನೆಗೆ ಕಳ್ಸು ಅಂದ್ರು. ಅಲ್ಲಿಂದ ಸಂಜೆ ಬಸ್ಸಿಗೇ ವಾಪಸ್ ಬರ್ತಾರೆ ಅಂದೆ. 'ಹಂಗಾದ್ರೆ ಇವಳನ್ನ ಸಮುದ್ರ ದಾಟಿಸ್ಬೇಕು' ಅಂದ್ರು."

ನಾನು ಅವಳ ತೋಳಿಗೊಂದು ಏಟು ಕೊಟ್ಟೆ. ಆಮೇಲೆ ಇಬ್ಬರೂ ಅತ್ತೆವೋ ನಕ್ಕೆವೋ, ಮೊಮ್ಮಗಳು ಗಾಬರಿಯಾಗಿ ಇಬ್ಬರ ಬಾಯಿಯನ್ನೂ ಕೈಯಿಂದ ಮುಚ್ಚಿದಳು. ಅವರು ಬಣ್ಣ ಹೊಡೆಯಲು ಹೋಗಿದ್ದರು, ಸುವಾರ್ತೆ ಸಾರಲು ಹೋಗಿದ್ದರು, ಎಲ್ಲ ನಿಜ. ಅದರ ಜೊತೆಗೆ ಒಬ್ಬ ಹುಡುಗಿಗೆ ನಿಶ್ಚಿಂತೆಯಿಂದ ಹೆರುವುದಕ್ಕೆ ಹತ್ತು ದಿನ ಬಿಡುವು ಮಾಡಿಕೊಟ್ಟು, ನನಗೆ ಒಂದು ಮಾತೂ ಬಿಟ್ಟುಕೊಡದೆ ಮಣ್ಣಿಗೆ ಹೋದರು.

ಸೊಸೆಗೆ ಈಗ ಮತ್ತೆ ಐದು ತಿಂಗಳು. ಮೊನ್ನೆ ಭಾನುವಾರ ಪಾಸ್ಟರರು, ನೇಪಾಳಕ್ಕೆ ಸೇವೆಗೆ ಹೋಗುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಅವರು ಮಾತು ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ. ಹಿಂದಿನ ಬೆಂಚಿನಿಂದ ಸೊಸೆ, "ದೇವ್ರಿಗೆ ಸ್ತೋತ್ರ" ಅಂದಳು. ಚರ್ಚಿಗೆಲ್ಲ ಕೇಳಿಸಿತು.