ಸುದ್ದಿ ತರದ ಕೈ

ಕದರಮಂಡಲಗಿಯ ಸೋಮಣ್ಣ ಬಾಯಿಗಿಂತ ಕೈಯಲ್ಲೇ ಹೆಚ್ಚು ಮಾತಾಡಿದ ಮನುಷ್ಯ. ಹಾವೇರಿಯ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಕೂಗುವುದಿಲ್ಲ. ಕೊಡುವವನ ದಲ್ಲಾಳಿಯೂ ಕೊಳ್ಳುವವನ ದಲ್ಲಾಳಿಯೂ ಟವೆಲ್ಲಿನಡಿ ಕೈ ಹಿಡಿಯುತ್ತಾರೆ. ಹತ್ತು ಸಾವಿರದ ಮೇಲೆ, ಒತ್ತಿದ ಬೆರಳಿಗೊಂದು ಸಾವಿರ. ತಲೆಯಾಡಿಸಿದರೆ ವ್ಯಾಪಾರ ಮುಗಿಯಿತು. ಬೇರೆಡೆ ಕೈ ಕೊಡುವುದು ಮೋಸ, ಇಲ್ಲಿ ಅದೇ ಉದ್ಯೋಗ.

೨೦೦೪ರ ಬೇಸಿಗೆಯಲ್ಲಿ ಆ ಕೈಯೇ ಅವನಿಗೆ ಕೈ ಕೊಟ್ಟಿತು. ಬೆಳಗ್ಗೆ ಎದ್ದರೆ ಬಲಭಾಗವೆಲ್ಲ ಜೋಮು. ಹೆಂಡತಿ ಗದಿಗೆವ್ವ ಬೈಯುತ್ತಲೇ ರಾಣೇಬೆನ್ನೂರಿಗೆ ಕರೆದೊಯ್ದು ಡಾಕ್ಟರ್ ರಂಜನಾರ ಮುಂದೆ ಕೂಡಿಸಿದಳು.

"ಲಕ್ವಾ ಹೊಡದಿದ್ರ ಕೈ ಏಳತಿತ್ತೇನ್ರಿ?" ಎಂದು ಸೋಮಣ್ಣ ಎರಡೂ ಕೈ ಎತ್ತಿ ತೋರಿಸಿದ.

"ಲಕ್ವಾನೇ ರೀ. ಬಲಗೈ ಕಾರಭಾರ ಮಿದುಳಿನ ಎಡಭಾಗದ್ದು. ಕೈಗೆ ಹುಕುಂ ಹೋಗೋ ದಾರಿ ಬ್ಯಾರೆ, ಕೈಯಿಂದ ಸುದ್ದಿ ಬರೋ ದಾರಿ ಬ್ಯಾರೆ. ಸುದ್ದಿ ಬಂದು ಮುಟ್ಟೋ ಜಾಗಕ್ಕ ರಕ್ತ ಹೋಗಿಲ್ಲ. ಕೈ ಕೆಲಸ ಮಾಡತದ, ಮುಟ್ಟಿದ್ದು ಮಾತ್ರ ತಿಳಿಯೂದಿಲ್ಲ. ಗುಳಗಿ ತಪ್ಪಿಸಬ್ಯಾಡ್ರಿ."

"ತಲಿಯೊಳಗ ಏನರ ಆಗಿರಲಿ, ಆಡಸಾಕ ಬರತೈತಲ್ಲ, ಸಾಕು."

ಹೊರಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಈ ಸುದ್ದಿ ಸಂತಿಗೆ ಮುಟ್ಟಿದ್ರ ನನ್ನ ಟವೆಲ್ಲಿನಾಗ ಯಾವನೂ ಕೈ ಇಡಂಗಿಲ್ಲ. ಬಾಯಿ ಬಿಟ್ಟೆಂದ್ರ ತವರಮನಿಗೆ ಅಟ್ಟತೇನಿ ನೋಡ!"

"ಅಟ್ಟರಿ. ಚೂಟಿದ್ದ ಗೊತ್ತಾಗಂಗಿಲ್ಲ, ನಾ ಹೋಗಿದ್ದು ಗೊತ್ತಾಗತೈತೇನು?"

ಎಡಗೈ ಚಾಚಿದರೆ ಎದುರಿನವನಿಗೆ ಅವಮಾನ. ಹಾಗಾಗಿ ಸೋಮಣ್ಣ ಸ್ಪರ್ಶ ಸತ್ತ ಬಲಗೈಯನ್ನೇ ಟವೆಲ್ಲಿನೊಳಗೆ ತೂರಿಸಿ, ಎದುರಿನವನ ಮುಖ ನೋಡಿ ಬೆಲೆ ಊಹಿಸತೊಡಗಿದ. ಕೆಲವು ಸಂತೆ ಹಾಗೆಯೇ ದಾಟಿದವು. ಆದರೆ ಅಬ್ದುಲಗನಿ ಎಂಬ ದಲ್ಲಾಳಿಯ ಮುಖ ಬಾಗಿಲು ಹಾಕಿದ ಅಂಗಡಿ. ಸೋಮಣ್ಣ ಮಾರಿಸುತ್ತಿದ್ದ ಗುತ್ತಲದ ರೈತನೊಬ್ಬನ ಎತ್ತುಗಳಿಗೆ, ಕೊಳ್ಳುವವನ ಪರವಾಗಿ ಅವನು ನಾಲ್ಕು ಬೆರಳು ಒತ್ತಿದ. ಸೋಮಣ್ಣ ಐದೆಂದು ತಿಳಿದು ತಲೆಯಾಡಿಸಿ, "ಹದಿನೈದಕ್ಕ ಹೋದುವು" ಎಂದು ರೈತನಿಗೆ ಹೇಳಿದ. ರೈತನ ಕೈಗೆ ಬಂದದ್ದು ಹದಿನಾಲ್ಕು.

"ನನ್ನ ಸಾವಿರ ಯಾರ ಹೊಟ್ಟಿಗೆ ಹೋತಲೇ?" ರೈತ ಸೋಮಣ್ಣನ ಕೊರಳಪಟ್ಟಿ ಹಿಡಿದ. ಜನ ಮುತ್ತಿದರು.

"ನಾ ಒತ್ತಿದ್ದು ನಾಕು," ಅಬ್ದುಲಗನಿ ಗುಡುಗಿದ. "ನನ್ನ ಹೆಸರು ಕೆಡಸ್ತೀಯೇನು? ಕೈ ಹಾಕು ಟವೆಲ್ಲಿನಾಗ. ಈಗ ಎಷ್ಟು ಹಿಡದೇನಿ, ಮಂದಿ ಮುಂದ ಹೇಳು!"

ಸೋಮಣ್ಣ ಅವನ ಮುಖ ನೋಡಿದ. ಅಲ್ಲೇನೂ ಇರಲಿಲ್ಲ. "ಮೂರು," ಎಂದ.

ಅಬ್ದುಲಗನಿಯ ದನಿ ಥಟ್ಟನೆ ಇಳಿಯಿತು. ಕಿವಿಯ ಬಳಿ ಬಾಗಿ ಉಸುರಿದ: "ನಾ ನಿನ್ನ ಮುಟ್ಟೇ ಇಲ್ಲೋ, ಸೋಮಣ್ಣ." ಆಮೇಲೆ ಜನರ ಕಡೆ ತಿರುಗಿದ. "ಏ, ಬಿಡ್ರೋ ಅವನ್ನ, ಇವಂಗ ಲಕ್—"

"ನಾನ ತಿಂದೇನಿ!" ಸೋಮಣ್ಣ ಅರಚಿದ. "ಸಾವಿರ ನಾನ ಹೊಡದೇನಿ. ಏನ್ ಮಾಡ್ಕೊತೀರಿ?"

ಸಂತೆಗೆ ಬೇಕಾದದ್ದು ಅದೇ. ಸಾವಿರ ಕಕ್ಕಿಸಿದರು, ಕಪಾಳಕ್ಕೆ ಬಾರಿಸಿದರು, ಉಗಿದು ಬಿಟ್ಟರು. ಅಬ್ದುಲಗನಿ ಟವೆಲ್ಲನ್ನು ಅವನ ಕಾಲ ಬಳಿ ಎಸೆದು, ಅವನ ಮುಖವನ್ನೂ ನೋಡದೆ ಹೋದ.

ಸುದ್ದಿ ಬಸ್ಸಿಗಿಂತ ಬೇಗ ಮನೆ ಮುಟ್ಟಿತ್ತು. ಗದಿಗೆವ್ವ ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಗಂಡನ ಬಲಗೈಗೆ ತುರುಕಿದಳು. "ಕಳ್ಳನ ಹೇಂತಿ ಅನಿಸಿದಿರಲ್ಲ ನನ್ನ!"

"ನಿನಗೇನ ತಿಳೀತೈತಿ?" ಸೋಮಣ್ಣ ಊದಿಕೊಂಡ ಕೆನ್ನೆಯಲ್ಲೇ ನಕ್ಕ. "ಕಳ್ಳಂಗ ಮುಂದಿನ ಸಂತಿ ಇರತೈತಿ. ಲಕ್ವಾದವಂಗ ಇರಂಗಿಲ್ಲ. ಸಂತ್ಯಾಗ ಕಳ್ಳ ಅಲ್ಲದವ ಯಾವನದಾನ ತೋರಸು..."

ಲೋಟ ಹಿಡಿದ ಅಂಗೈ ಕೆಂಪಾಗುತ್ತಿತ್ತು. ಗದಿಗೆವ್ವ ಅದನ್ನು ಕಂಡಳು. ಅವನ ಮಾತು ಮುಗಿಯುವ ತನಕ ಲೋಟ ಕಸಿದುಕೊಳ್ಳಲಿಲ್ಲ.