ಸೊಟ್ಟ ರಿಂಗಿನ ಜಲಾಲ್ ಮಾಸ್ತರ

ಡಚ್ ಜನರ ವಿಷಯದಲ್ಲಿ ನನ್ನ ಅಂದಾಜು ತಪ್ಪಿದ್ದೇ ಇಲ್ಲ. ಮೂವತ್ತು ವರ್ಷ ಇವರದೇ ಊರಾದ ಗ್ರೋನಿಂಗನ್ನಿನಲ್ಲಿ ಇವರ ಜೊತೆ ಗ್ಯಾಸಿನ ಪೈಪು ಜೋಡಿಸಿದವನು ನಾನು. ಡಚ್ಚನೊಬ್ಬ ಕಾಫಿ ಕಪ್ಪು ಎತ್ತುವ ರೀತಿ ನೋಡಿದರೆ ಸಾಕು, ಅವನು ಮುಂದೆ ಏನು ಹೇಳುತ್ತಾನೆ, ಅದಕ್ಕೆ ಅವನ ಹೆಂಡತಿ ಏನನ್ನುತ್ತಾಳೆ, ಆ ವರ್ಷ ಕಾಲುವೆ ಹೆಪ್ಪುಗಟ್ಟುತ್ತದೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ. ಹವಾಮಾನ ಇಲಾಖೆಯವರು ಇನ್ನೂ ನನ್ನ ಮನೆ ಬಾಗಿಲಿಗೆ ಬಂದಿಲ್ಲವೆಂದರೆ ಅದು ಅವರ ಸಂಕೋಚ. ಇದನ್ನು ಮೊದಲೇ ಹೇಳಿಡಲು ಕಾರಣವಿದೆ. ಜಲಾಲನ ಕತೆಯಲ್ಲಿ ನನ್ನ ಈ ಜ್ಞಾನಕ್ಕೂ ಒಂದು ಪಾತ್ರವಿದೆ.

ಜಲಾಲ್ ಗದಗದವನು. ಅಲ್ಲಿಯ ಕಾಲೇಜೊಂದರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದ. ಕೋಚ್ ಎಂದೊಡನೆ ನೀವು ಆರಡಿಯ ಆಳನ್ನು ಊಹಿಸಿಕೊಂಡಿದ್ದರೆ ಅದನ್ನು ಈಗಲೇ ಅರ್ಧಕ್ಕೆ ಮಡಚಿಬಿಡಿ. ಅವನ ಆಟಗಾರರು ಅವನ ಬೈಗುಳ ಕೇಳಲು ಮೊಣಕಾಲೂರಬೇಕಾಗುತ್ತಿತ್ತು. ಆದರೆ ದನಿ ಮಾತ್ರ ದೇವರು ಲೆಕ್ಕ ತಪ್ಪಿ ಕೊಟ್ಟದ್ದು. ಕಾಲೇಜಿನ ಅಂಗಳ ಬಸ್ ನಿಲ್ದಾಣಕ್ಕೆ ಅಂಟಿಕೊಂಡಿತ್ತು. ಇವನು ‘ಕೈ ಎತ್ತಲೇ!’ ಎಂದು ಕೂಗಿದರೆ ಹುಬ್ಬಳ್ಳಿ ಬಸ್ಸಿನೊಳಗಿನ ಪ್ರಯಾಣಿಕರೂ ಕೈ ಎತ್ತುತ್ತಿದ್ದರಂತೆ. ಕಂಡಕ್ಟರು ಅವರಿಗೆಲ್ಲ ಎರಡನೆಯ ಸಲ ಟಿಕೆಟ್ ಹರಿದುಬಿಡುತ್ತಿದ್ದ.

ಆ ಅಂಗಳದಲ್ಲಿ ಒಂದು ವಿಶೇಷವಿತ್ತು. ಯಾವುದೋ ಕಾಲದಲ್ಲಿ ನೀರಿನ ಟ್ಯಾಂಕರೊಂದು ಹಿಂದಕ್ಕೆ ಸರಿದು ಕಂಬಕ್ಕೆ ಗುದ್ದಿ ರಿಂಗು ಸೊಟ್ಟಾಗಿತ್ತು. ಸರಿ ಮಾಡಿಸುತ್ತೇವೆ ಎಂದು ಕಾಲೇಜು ಪ್ರತಿ ವರ್ಷ ಭರವಸೆ ಕೊಡುತ್ತಿತ್ತು, ರಿಂಗು ಪ್ರತಿ ವರ್ಷ ಹಾಗೇ ಇರುತ್ತಿತ್ತು. ಜಲಾಲ್ ಕಾಯುವುದನ್ನು ಬಿಟ್ಟು ಅದಕ್ಕೇ ಹುಡುಗರನ್ನು ಪಳಗಿಸಿದ. ಚೆಂಡನ್ನು ಮೊಟ್ಟೆ ಇಟ್ಟಷ್ಟು ಮೆತ್ತಗೆ ಬಿಟ್ಟರೆ ಮಾತ್ರ ಆ ರಿಂಗು ಒಳಗೆ ತೆಗೆದುಕೊಳ್ಳುತ್ತಿತ್ತು. ಅದೇ ಹುಡುಗರು ಬೇರೆ ಊರಿಗೆ ಹೋಗಿ ನೆಟ್ಟಗಿರುವ ರಿಂಗು ಕಂಡರೆ ಅದು ಬಾವಿಯ ಬಾಯಿಯಷ್ಟು ಅಗಲ ಕಾಣುತ್ತಿತ್ತು. ಗೆದ್ದು ಬರುತ್ತಿದ್ದರು.

ಹೆಂಡತಿ ಖತೀಜಾ ಬೆಂಗಳೂರಿನವಳು. ಅವಳಿಗೆ ಇಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಜಲಾಲ್ ನೌಕರಿಗೆ ರಾಜೀನಾಮೆ ಕೊಟ್ಟು, ಮಗಳು ಲೈಬಾಳನ್ನು ಕರೆದುಕೊಂಡು ಹಿಂದೆಯೇ ಬಂದ. ಬಂದವನು ಅಡುಗೆ ಕಲಿತ, ಸೈಕಲ್ಲಿನಲ್ಲಿ ಎದುರುಗಾಳಿಯ ವಿರುದ್ಧ ಹಿಂದಕ್ಕೆ ಚಲಿಸುವುದನ್ನೂ ಕಲಿತ. ಮಧ್ಯಾಹ್ನಗಳಲ್ಲಿ ಊರಿನ ವೃತ್ತಿಪರ ಕ್ಲಬ್ಬಿನ ಹಾಲ್‌ಗೆ ಹೋಗಿ ಗ್ಯಾಲರಿಯಲ್ಲಿ ಸುಮ್ಮನೆ ಕೂರುತ್ತಿದ್ದ. ಒಂದು ದಿನ ತಡೆಯಲಾರದೆ ಮೇಲಿನಿಂದ ‘ಕೈ ಎತ್ತಲೇ!’ ಎಂದುಬಿಟ್ಟ. ಕನ್ನಡದ ಗಂಧವೂ ಇಲ್ಲದ ಏಳಡಿಯ ಆಳೊಬ್ಬ ಕೈ ಎತ್ತಿದ. ಚೆಂಡು ತಾನಾಗಿ ಅವನ ಕೈಗೆ ಬಂದು ಬಿತ್ತು. ಅಲ್ಲಿಂದ ಮೊದಲು ಮಕ್ಕಳ ತಂಡ, ಆಮೇಲೆ ದೊಡ್ಡವರ ತಂಡಕ್ಕೆ ಸಹಾಯಕ ಕೋಚ್. ಅಭ್ಯಾಸದ ಹಾಲ್‌ನ ಮೂಲೆಯಲ್ಲಿ ಹಳೆಯ ರಿಂಗೊಂದನ್ನು ಬಡಿದು ಸೊಟ್ಟ ಮಾಡಿ ತೂಗುಹಾಕಿದ ಮೇಲೆಯೇ ಅವನಿಗೆ ಇದು ತನ್ನ ಊರು ಅನ್ನಿಸಿದ್ದು.

ಇಷ್ಟರಲ್ಲಿ ಮೇ ತಿಂಗಳು ಬಂತು. ಮುಖ್ಯ ಕೋಚ್ ಬಿಟ್ಟು ಹೋದ. ಬೆಲ್ಜಿಯಮ್ಮಿನಿಂದ ಹೊಸಬ ಬರುತ್ತಾನೆ, ತನ್ನ ಜನರನ್ನೇ ತರುತ್ತಾನೆ ಎಂದು ಸುದ್ದಿ ಹಬ್ಬಿತು. ಜಲಾಲನ ಒಪ್ಪಂದ ಆ ಸೀಸನ್ನಿಗೆ ಮುಗಿಯುತ್ತಿತ್ತು. ಅದೇ ವಾರ ಗದಗದಿಂದ ಪ್ರಿನ್ಸಿಪಾಲ್ ಜಯದೇವ ಅವರ ಫೋನು: ಹಳೆಯ ಹುದ್ದೆ ಖಾಲಿ ಇದೆ, ಬರುವುದಾದರೆ ಶುಕ್ರವಾರದೊಳಗೆ ಹೇಳು. ಹೋಗುವುದಾದರೆ ಒಬ್ಬನೇ ಹೋಗಬೇಕು. ಖತೀಜಾಳ ಕೆಲಸ ಇಲ್ಲಿ, ಲೈಬಾಳ ಶಾಲೆ ಇಲ್ಲಿ. ಖತೀಜಾ ಅಟ್ಟದಿಂದ ದೊಡ್ಡ ಸೂಟ್‌ಕೇಸನ್ನು ಇಳಿಸಿ ಮೆಟ್ಟಿಲ ಬುಡದಲ್ಲಿ ಇಟ್ಟಳು, ಅಷ್ಟೇ. ಅದನ್ನು ತುಂಬಲೂ ಇಲ್ಲ, ಮೇಲೆ ಹಾಕಲೂ ಇಲ್ಲ.

ಸೋಮವಾರ ಸಂಜೆ ಜಲಾಲ್ ನಮ್ಮ ಮನೆಗೆ ಬಂದ. ಖತೀಜಾಳೂ ಜೊತೆಗಿದ್ದಳು.

‘ಕಾಕಾ, ಆಫ್ಕೆ ಗುರುವಾರ ನಾಕಕ್ಕ ಮಾತಾಡೂಣು ಅಂದಾಳ್ರಿ,’ ಎಂದ. ಆಫ್ಕೆ ಎಂದರೆ ಕ್ಲಬ್ಬಿನ ಮ್ಯಾನೇಜರ್. ‘ಮತ್ತ... ಕೇಕ್ ನೀನ ತಗೊಂಡು ಬಾ ಅಂದಾಳ.’

‘ಕೇಕ್ ನೀನ ತರಬೇಕಂತ?’ ನಾನು ಕಪ್ಪು ಕೆಳಗಿಟ್ಟೆ. ‘ಮುಗೀತು ಬಿಡೋ.’

‘ಅಂದ್ರ?’

‘ಈ ದೇಶದಾಗ ಕೆಲಸ ಬಿಟ್ಟು ಹೋಗಾಂವ ಕೇಕ್ ತರತಾನ. ನಾ ರಿಟೈರ್ ಆದಾಗ ತಂದಿದ್ದೆ. ನನ್ನ ಬಾಜೂ ಕೂಡತಿದ್ದ ಮನಶಾನ್ನ ತೆಗದು ಹಾಕಿದಾಗ ಅವನೂ ತಂದಿದ್ದ. ತಿಂದು, ಕೈ ಒರಿಸಿಕೊಂಡು, ಹೋಗಿ ಬಾ ಅಂತಾರ.’

ಜಲಾಲ್ ತಲೆ ಕೆರೆದುಕೊಂಡ. ‘ಆದ್ರ ಕಾಕಾ, ನಮ್ಮ ಕಡೆ ನೌಕರಿ ಸಿಕ್ಕಾಂವ ಪೇಡೆ ಹಂಚತಾನ್ರಿ.’

‘ಅದು ನಮ್ಮ ಕಡೆ. ಇಲ್ಲಿ ಮೂವತ್ತು ವರ್ಷ ಇದ್ದಾಂವ ನೀನೋ, ನಾನೋ?’

‘ನಮ್ ಲ್ಯಾಬಲ್ಲಿ ಬರ್ತ್‌ಡೇ ಇದ್ದವರು ತರ್ತಾರೆ ಅಂಕಲ್,’ ಎಂದಳು ಖತೀಜಾ. ‘ಆದ್ರೆ ಇವರ ಬರ್ತ್‌ಡೇ ಡಿಸೆಂಬರಲ್ಲಿ.’ ಆಮೇಲೆ, ‘ಹೋದ ತಿಂಗಳು ಬಿಟ್ಟುಹೋದ ಹುಡುಗೀನೂ ತಂದಿದ್ಲು,’ ಎಂದು ಸೇರಿಸಿದಳು.

ಅಡುಗೆಮನೆಯಿಂದ ನನ್ನ ಹೆಂಡತಿ ಪಾರ್ವತೆವ್ವನ ದನಿ ಬಂತು: ‘ಇವರ ಮಾತ ಕೇಳಬ್ಯಾಡಪಾ ಜಲಾಲ. ನಮ್ಮ ಮದುವಿ ದಿನಾ ಮಳಿ ಬರೂದಿಲ್ಲ ಅಂದಿದ್ರು ಇವ್ರು. ಊಟದ ಎಲಿ ತೇಲಿ ಹೋದುವು.’

ಒಂದು ಎಲೆ ತೇಲಿದ್ದು ನಿಜ, ಅದೂ ಸಾರು ಜಾಸ್ತಿಯಾಗಿ. ನಾನು ಅದಕ್ಕೆಲ್ಲ ಉತ್ತರ ಕೊಡುವುದಿಲ್ಲ. ‘ಇವತ್ತ ಪ್ರಿನ್ಸಿಪಾಲರಿಗೆ ಹೂಂ ಅಂದುಬಿಡು,’ ಎಂದೆ ಜಲಾಲನಿಗೆ. ‘ಊರಿನ ನೌಕರೀನೂ ಕಳಕೋಬ್ಯಾಡ.’

ಅವನು ಫೋನು ಕೈಗೆ ತೆಗೆದುಕೊಂಡ. ಖತೀಜಾ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅದು ಹೋದ ವರ್ಷದ್ದು. ಜಲಾಲ್ ಅವಳನ್ನೊಮ್ಮೆ ನೋಡಿ ಫೋನನ್ನು ಕಿಸೆಗೆ ಹಾಕಿದ.

‘ಸೀಟಿ ಊದೂತನಕ ಅಂಗಳ ಬಿಡಬ್ಯಾಡ್ರಿ ಅಂತ ಹುಡುಗರಿಗೆ ಬೈತಿದ್ದೆ, ಕಾಕಾ. ಗುರುವಾರ ಆಗಲಿ.’

ಗುರುವಾರ ನಾನೂ ಹೊರಟೆ. ಇಂಥ ಹೊತ್ತಿನಲ್ಲಿ ಜೊತೆಗೆ ಒಬ್ಬ ಹಿರಿಯ ಬೇಕು, ಕೇಕು ಹಿಡಿಯಲೂ ಒಬ್ಬ ಬೇಕು. ಬೇಕರಿಯ ಹುಡುಗಿ ಕೇಕಿನ ಮೇಲೆ ಏನು ಬರೆಯಲಿ ಎಂದಳು. ಜಲಾಲ್ ಏನೂ ಬೇಡವೆಂದ. ಹೋಗುವಾಗಲಾದರೂ ಮರ್ಯಾದೆಯಿಂದ ಹೋಗಬೇಕೆಂದು ನಾನೇ ‘ಟೊತ್ ಝೀನ್ಸ್’ ಎಂದು ಬರೆಸಿದೆ. ಹೊರಡುವಾಗ ಇಲ್ಲಿನವರು ಹೇಳುವ ಮಾತು ಅದು, ನಮ್ಮ ‘ಹೋಗಿ ಬರ್ತೇನಿ’ ಇದ್ದ ಹಾಗೆ.

ಬಸ್ಸಿನಲ್ಲಿ ಡಬ್ಬಿಯನ್ನು ಬಾಣಂತಿಯ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಜಲಾಲ್ ಕಿಟಕಿಯ ಹೊರಗೆ ನೋಡುತ್ತಿದ್ದ. ಮುಖ ತಿರುಗಿಸದೆಯೇ ಕೇಳಿದ: ‘ಕಾಕಾ, ಆ ಸೊಟ್ಟ ರಿಂಗ್ ಬಿಚ್ಚಿಕೊಂಡು ಒಯ್ಯಾಕ ಕೊಡ್ತಾರೇನ್ರಿ?’

‘ಗದಗದಾಗ ಒಂದು ಐತೆಲ್ಲೋ.’

‘ಐತ್ರಿ. ಇದು ನಾ ಬಗ್ಗಿಸಿದ್ದು.’

ನಾನು ಡಬ್ಬಿಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡೆ.

ಆಫ್ಕೆ ಹಾಲ್‌ನ ಕ್ಯಾಂಟೀನಿನಲ್ಲೇ ಕೂತಿದ್ದಳು. ಕೆಲಸ ಕೊಡುವುದಿರಲಿ, ಕಿತ್ತುಕೊಳ್ಳುವುದಿರಲಿ, ಇವರಿಗೆ ಅದೇ ಮೇಜು, ಅದೇ ಕಾಫಿ. ನನಗೂ ಒಂದು ಕಪ್ಪು ತರಿಸಿದಳು. ಅವಳು ಕಪ್ಪು ಎತ್ತಿದ ರೀತಿ ನೋಡಿದೆ. ನನ್ನ ಊಹೆ ಶಿಲಾಶಾಸನದಷ್ಟು ಗಟ್ಟಿಯಾಯಿತು. ಆಮೇಲೆ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಓದಿದಳು. ಕಪ್ಪು ಕೆಳಗಿಟ್ಟಳು.

‘ಬಿಟ್ಟು ಹೋಗ್ತಿದ್ದೀಯಾ?’ ಎಂದಳು ಜಲಾಲನಿಗೆ. ಅವಳ ಮುಖ ಕೇಕಿನ ಕ್ರೀಮಿಗಿಂತ ಬಿಳಿಯಾಗಿತ್ತು. ‘ಬೇರೆ ಕ್ಲಬ್ಬಿನವರು ಕರೆದರಾ?’

‘ಇಲ್ಲ. ನೀವೇ ಕಳಿಸ್ತಿದ್ದೀರಲ್ಲ?’

‘ಯಾರು ಹೇಳಿದ್ದು?’

ಜಲಾಲ್ ಸಭ್ಯಸ್ಥ. ಕುತ್ತಿಗೆಯನ್ನು ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿಸಿದ. ನಾನು ಕಾಫಿಯಲ್ಲಿ ಸಕ್ಕರೆ ಹುಡುಕತೊಡಗಿದೆ.

ಆಗ ಆಫ್ಕೆ ಹೇಳಿದ್ದು ಇಷ್ಟು. ಬೆಲ್ಜಿಯಮ್ಮಿನವನು ಹೋದ ವಾರ ಹಾಲ್ ನೋಡಲು ಬಂದಿದ್ದ. ಮೂಲೆಯಲ್ಲಿದ್ದ ಸೊಟ್ಟ ರಿಂಗು ಕಂಡು, ಇದೇನು, ರಿಪೇರಿಗೆ ಇಟ್ಟದ್ದೋ ಎಂದು ಕೇಳಿದ. ಆಟಗಾರರು ಅದಕ್ಕೆ ಚೆಂಡು ಹಾಕಿ ತೋರಿಸಿದರು. ತಾನೂ ಹಾಕಿ ನೋಡಿದ, ಬೀಳಲಿಲ್ಲ. ಕೋಟು ತೆಗೆದಿಟ್ಟು ಮತ್ತೆ ಹಾಕಿದ, ಆಗಲೂ ಬೀಳಲಿಲ್ಲ. ಕೊನೆಗೆ, ‘ಈ ರಿಂಗೂ ಇರಲಿ, ಇದನ್ನು ಬಗ್ಗಿಸಿದವನೂ ಇರಲಿ,’ ಅಂದನಂತೆ. ಜಲಾಲನ ಒಪ್ಪಂದ ಇನ್ನೆರಡು ಸೀಸನ್.

‘ಒಪ್ಪಂದ ಮುಂದುವರಿದವರೂ ಇಲ್ಲಿ ಕೇಕ್ ತರ್ತಾರೆ,’ ಎಂದಳು ಆಫ್ಕೆ. ‘ಕಮಿಟಿ ಒಪ್ಪೋವರೆಗೆ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ. ಕೇಕ್ ಅಂದರೆ ನಿನಗೆ ಅರ್ಥವಾಗುತ್ತೆ ಅಂದುಕೊಂಡಿದ್ದೆ.’

‘ನಮ್ಮೂರಿನಲ್ಲೂ ಹಾಗೇ,’ ಎಂದ ಜಲಾಲ್. ಅವನ ಕುತ್ತಿಗೆ ಎರಡನೆಯ ಸಲ ನನ್ನ ಕಡೆ ತಿರುಗಿತು. ಆಮೇಲೆ ಅವನೇ ಚಾಕು ತೆಗೆದುಕೊಂಡು, ‘ಟೊತ್’ ಇದ್ದ ತುಂಡನ್ನು ತಾನು ತಿಂದು ‘ಝೀನ್ಸ್’ ಇದ್ದದ್ದನ್ನು ನನಗೆ ಕೊಟ್ಟ. ನಾನು ಡಚ್ ಭಾಷೆಯನ್ನು ಅಷ್ಟು ಕಷ್ಟಪಟ್ಟು ನುಂಗಿದ್ದು ಹಿಂದೆಂದೂ ಇಲ್ಲ.

ಜಲಾಲ್ ಬಸ್ಸಿನಿಂದಲೇ ಗದಗಕ್ಕೆ ಫೋನು ಮಾಡಿದ. ಬರಲಾಗುವುದಿಲ್ಲವೆಂದು ಹೇಳಿ, ಕ್ಷಮೆ ಕೇಳಿ, ಕೊನೆಗೆ, ‘ಸರ್, ಹೊಸಾ ಮಾಸ್ತರು ಬಂದು ಆ ರಿಂಗ್ ನೆಟ್ಟಗ ಮಾಡಿಸಿಗಿಡಿಸ್ಯಾರ್ರಿ,’ ಎಂದ. ಜಯದೇವ ಅವರ ನಗು ನನಗೂ ಕೇಳಿಸಿತು: ‘ಅದರ ಚಿಂತಿ ಬಿಡು. ಮುಂದಿನ ವರ್ಷ ಮಾಡಿಸ್ತೇವಿ ಅಂತ ಮೊನ್ನೆ ಮೀಟಿಂಗಿನಾಗ ಪಾಸ್ ಮಾಡೇವಿ.’

ಜಲಾಲನ ಮನೆಯಲ್ಲಿ ಖತೀಜಾ ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು. ಸುದ್ದಿ ಕೇಳಿ ಎದ್ದಳು, ಮತ್ತೆ ಕೂತಳು, ಕಣ್ಣೊರೆಸಿಕೊಂಡಳು. ಆಮೇಲೆ ಗಂಡನಿಗೆ, ‘ಫಸ್ಟ್ ಈ ಸೂಟ್‌ಕೇಸ್ ಮೇಲಿಡಿ. ನಾಲ್ಕು ದಿನದಿಂದ ಎಡವಿ ಎಡವಿ ನಂಗೆ ಸಾಕಾಗಿದೆ,’ ಎಂದಳು.

ಡಚ್ ಮನೆಯ ಮೆಟ್ಟಿಲೆಂದರೆ ಗೋಡೆಗೆ ಮೊಳೆ ಹೊಡೆದ ಏಣಿ. ಅದರಲ್ಲಿ ಜಲಾಲ್ ಖಾಲಿ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಹತ್ತಿದ. ಕೆಳಗಿನಿಂದ ಹಿಡಿದುಕೊಂಡಿದ್ದ ನಾನು ಅವನ ಉತ್ಸಾಹ ಹೆಚ್ಚಿಸಲೆಂದು ಹೇಳಿದೆ: ‘ನೋಡೋ, ಎರಡು ವರ್ಷ ಆದಮ್ಯಾಲೂ ನಿನ್ನ ಇಟ್ಕೋತಾರ. ನಾ ಖಾತ್ರಿ ಹೇಳ್ತೇನಿ.’

ಜಲಾಲ್ ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟ.

‘ಬ್ಯಾಡ್ರಿ ಕಾಕಾ, ನಿಮ್ಮ ಕಾಲಿಗೆ ಬೀಳ್ತೇನಿ! ತೆಗದು ಹಾಕ್ತಾರ ಅಂತ ಹೇಳ್ರಿ. ಅಂದ್ರ ನಾ ನಿಶ್ಚಿಂತಿಯಿಂದ ಮೇಲೆ ಹತ್ತತೇನಿ.’