ನಡುವಲ್ಲಿ ಕೇಳದ ಏಟು

ಶನಿವಾರ, ಬೆಳಗಿನ ಜಾವ. ಹೌಕಿರಾಂತಾ ನೃತ್ಯಮಂಟಪದ ಬಾಗಿಲುಗಳೆಲ್ಲ ತೆರೆದಿವೆ. ಸರೋವರದ ಮಂಜು ಒಳಗೆ ಬಂದು ಮರದ ನೆಲದ ಮೇಲೆ ತೆಳ್ಳಗೆ ಕೂತಿದೆ. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ತಗ್ಗಿನ ಸದ್ದು ಹೊರಡಿಸುವ ಸಬ್‌ವೂಫರ್. ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡ ಕಪ್ಪು ಪೆಟ್ಟಿಗೆಗಳು. ಅವುಗಳಿಂದ ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿದೆ: ಧಪ್. ಧಪ್. ಧಪ್. ನಿನ್ನೆ ಕಾಲಲ್ಲಿ ಪೆಡಲ್ ತುಳಿದು ಬಾರಿಸಿದ ಕಿಕ್ ಡ್ರಮ್‌ನ ಧ್ವನಿಮುದ್ರಣ. ರೈಲಿ ತರ್ವಾಯ್ನೆನ್ ಉಣ್ಣೆಯ ಕಾಲುಚೀಲದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾರೆ. ಗೋಡೆಯ ಹತ್ತಿರ ಏಟು ಹೊಟ್ಟೆಗೇ ಬಡಿಯುತ್ತದೆ. ಒಳಗೆ ಬಂದಂತೆ ಸೊರಗುತ್ತದೆ. ಸರಿಯಾಗಿ ನಡುವಲ್ಲಿ, ಅವರು ಸದ್ದು ಹೊಂದಿಸುವ ಮಿಕ್ಸರ್ ಮೇಜಿನ ಮುಂದೆ, ಅದು ಇಲ್ಲವೇ ಇಲ್ಲ.

ಅಲ್ಲೇ ನಿಂತು ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾರೆ.

"ಅಯ್ಯೋ ಒನ್ನಿ," ಎನ್ನುತ್ತಾರೆ. ಒನ್ನಿ ಅಲ್ಲಿಲ್ಲ.

ರೈಲಿಗೆ ಐವತ್ತೆಂಟು. ಚಳಿಗಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಸೂಪು ಕುದಿಸುತ್ತಾರೆ. ಹಿಮ ಕರಗಿ ನೃತ್ಯಮಂಟಪಗಳು ತೆರೆದ ಮೇಲೆ ವಾರಕ್ಕೆ ನಾಲ್ಕು ಸಂಜೆ ವ್ಯಾನಿನಲ್ಲಿ ಸ್ಪೀಕರ್ ತುಂಬಿಕೊಂಡು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಸುಮಾರು ಮೂವತ್ತು ಬೇಸಿಗೆಗಳಿಂದ ಇದೇ ಕೆಲಸ. ಗಾಯಕರ ಹೆಸರು ಫಲಕದ ಮೇಲೆ ಇರುತ್ತದೆ. ಇವರನ್ನು 'ಸೌಂಡಿನವಳು' ಎಂದಷ್ಟೇ ಕರೆಯುತ್ತಾರೆ. ಬೆನ್ನಿನ ಕೆಳಗೆ ನೋವು ಕಾಯಂ ಆಗಿದೆ. "ವಿಚ್ಛೇದನ ಆದಾಗ ಮನೆ ಅವನಿಗೆ, ಪೆಟ್ಟಿಗೆಗಳು ನನಗೆ," ಎಂದು ಪತ್ರಿಕೆಯ ಪುರವಣಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. "ಒಳ್ಳೇದೇ ಆಯ್ತು ಬಿಡು. ಪೆಟ್ಟಿಗೆ ಎದುರುತ್ತರ ಕೊಡಲ್ಲ."

ಇಲ್ಲಿ ಕಿಕ್ ಡ್ರಮ್ಮನ್ನು ಕೇಳುವುದು ಕಿವಿಯಿಂದಲ್ಲ, ಅಂಗಾಲಿನಿಂದ. ಟ್ಯಾಂಗೊ ಕುಣಿಯುವ ಜೋಡಿ ವೇದಿಕೆಯತ್ತ ನೋಡುವುದಿಲ್ಲ; ನೆಲದಿಂದ ತಾಳ ಎತ್ತಿಕೊಳ್ಳುತ್ತದೆ. ತಾಳ ಸಿಗದಿದ್ದರೆ ಯಾರೂ ದೂರುವುದೂ ಇಲ್ಲ. ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ.

ನಿನ್ನೆ ಹಾಗೇ ಕೂತರು. ಈ ಬೇಸಿಗೆಯ ಮೊದಲ ಕುಣಿತ ಅದು. ಎರಡನೆಯ ಟ್ಯಾಂಗೊ ಮುಗಿಯುವ ಹೊತ್ತಿಗೆ ನಡುವಿನ ನೆಲ ಅರ್ಧ ಖಾಲಿಯಾಗಿತ್ತು. ಮೇಜಿನ ಹಿಂದೆ ಕೂತಿದ್ದ ರೈಲಿಗೆ ಕಿಕ್ ಕೇಳುತ್ತಿರಲಿಲ್ಲ. ಸದ್ದು ಏರಿಸಿದರು, ಮತ್ತೆ ಏರಿಸಿದರು. ಗೋಡೆಬದಿಯಲ್ಲಿ ಕಾಫಿ ಮಾರುವ ಕೆರ್ತ್ತು ಏಪ್ರನ್ನಿನಲ್ಲೇ ಓಡಿ ಬಂದರು.

"ಏನೇ ಇದು, ನನ್ನ ಕಾಫಿ ಕಪ್ಪುಗಳೆಲ್ಲ ಕುಣೀತಿವೆ! ಸ್ವಲ್ಪ ಇಳಿಸೇ."

"ಇಲ್ಲಿ ಏನೂ ಕೇಳ್ತಾನೇ ಇಲ್ಲ ಕೆರ್ತ್ತು."

"ಬಾ, ಬಂದು ನೋಡು ಮತ್ತೆ."

ರೈಲಿ ಹೋಗಲಿಲ್ಲ. ಹಾಡು ನಿಂತ ಕೂಡಲೇ ಮೇಜಿನಿಂದಲೇ ಡ್ರಮ್ಮರ್ ಕಡೆಗೆ ಕೂಗಿದರು: "ಒನ್ನಿ ತಾತಾ, ಪೆಡಲ್ ತುಳಿಯೋಕೆ ಮೊಮ್ಮಗನ್ನ ಕಳಿಸ್ತೀಯಾ?"

ಮಂಟಪವೆಲ್ಲ ನಕ್ಕಿತು. ಎಪ್ಪತ್ತೊಂದರ ಒನ್ನಿ ಕುಯ್ಸ್ಮಾ, ಬಸ್ ಓಡಿಸಿ ನಿವೃತ್ತರಾದವರು, ಅವರೂ ನಕ್ಕರು. ಆಮೇಲೆ ಕೊನೆಯ ಹಾಡಿನವರೆಗೂ ಇಡೀ ಮೈಭಾರ ಹಾಕಿ ತುಳಿದರು. ಕಾರಿನ ತನಕ ಕುಂಟುತ್ತ ಹೋದದ್ದನ್ನು ರೈಲಿ ಕಂಡರು. ಸಾಮಾನು ಕಟ್ಟುವಾಗ ತಂಡದ ಯಜಮಾನ, ಅಕಾರ್ಡಿಯನ್ ನುಡಿಸುವ ಔಲಿಸ್, ತಗ್ಗಿದ ದನಿಯಲ್ಲಿ ಹೇಳಿದರು: "ನೀನು ಅಂದಿದ್ದು ಸರಿ. ಅವನ ಕಾಲು ಹೋಯ್ತು. ನಡುಬೇಸಿಗೆ ಹಬ್ಬಕ್ಕೆ ಬೇರೆ ಯಾರನ್ನಾದ್ರೂ ಕರೀತೀನಿ."

"'ನೀನು ಅಂದಿದ್ದು ಸರಿ' ಅಂದ ನೋಡು," ಎಂದು ರೈಲಿ ಈಗ ಹೇಳುತ್ತಾರೆ. "ಆ ಮಾತಿಗೇ ನಿದ್ದೆ ಬರಲಿಲ್ಲ. ವ್ಯಾನಿನಲ್ಲಿ ಮಲಗಿದ್ದೆ. ಕಣ್ಣು ಮುಚ್ಚಿದ್ರೆ ಕೆರ್ತ್ತು ಕಾಫಿ ಕಪ್ಪು ಗಲಗಲ ಅನ್ನೋದು."

ಎಡದ ಪೆಟ್ಟಿಗೆಯ ಹಿಂದೆ ಮಂಡಿಯೂರಿ ಅವರು ತಂತಿ ಬಿಚ್ಚುತ್ತಾರೆ. ಅದರ ತುದಿ ಚಳಿಗಾಲದಲ್ಲಿ ಮುರಿದಿತ್ತು. ಅಡುಗೆಮನೆಯ ಮೇಜಿನ ಮೇಲೆ, ಆಲೂಗಡ್ಡೆ ಬೇಯುವಷ್ಟರಲ್ಲಿ, ತಾವೇ ಹೊಸ ತುದಿ ಹಾಕಿದ್ದರು. ಒಳಗಿನ ಎರಡೂ ಎಳೆಗಳದ್ದು ಒಂದೇ ಬೂದು ಬಣ್ಣ. ಒಂದರ ಮೇಲೆ ಮಾತ್ರ ಕೈಗೆ ಸಿಗುವ ಸಣ್ಣ ಗೀರು. ಆ ಗೀರಿನ ಎಳೆಯನ್ನು ಅವರು ತಪ್ಪು ಕಡೆ ಸೇರಿಸಿದ್ದಾರೆ. ಹಾಗಾಗಿ ಬಲದ ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಎಡದ್ದು ಹಿಂದಕ್ಕೆ ಎಳೆಯುತ್ತಿತ್ತು. ಎರಡರಿಂದಲೂ ಸಮದೂರದಲ್ಲಿರುವ ನಡುವಿನ ಸಾಲಿನಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತಿತ್ತು.

"ಕಲಿಯೋಕೆ ಬರೋರಿಗೆಲ್ಲ ನಾನು ಹೇಳೋದು ಒಂದೇ. ಕುರ್ಚಿ ಬಿಟ್ಟು ಏಳಿ, ನೆಲ ಪೂರ್ತಿ ನಡೀರಿ. ನಿನ್ನೆ ನಾನೇ ಏಳಲಿಲ್ಲ. ಮೇಜಿನಿಂದ ಕಾಫಿ ಅಂಗಡಿಗೆ ಎಷ್ಟು ದೂರ ಹೇಳು?" ಎಳೆಗಳನ್ನು ಅದಲುಬದಲು ಮಾಡುತ್ತ ಅವರು ತಲೆ ಎತ್ತುವುದಿಲ್ಲ. "ಒನ್ನಿ ಕಾಲನ್ನು ಬೈಯೋದು ಸುಲಭ ಆಗಿತ್ತು."

ತಂತಿ ಸರಿಹೋದರೂ ಅವರಿಗೆ ಸಮಾಧಾನವಿಲ್ಲ. ಎರಡೂ ಪೆಟ್ಟಿಗೆಗಳನ್ನು ಉಸಿರು ಬಿಗಿಹಿಡಿದು ನೂಕಿ, ವೇದಿಕೆಯ ಮುಂದೆ ನಟ್ಟನಡುವೆ ಜೋಡಿಸುತ್ತಾರೆ. ಬೇರೆಬೇರೆ ಮೂಲೆಯಲ್ಲಿದ್ದರೆ, ತಂತಿ ಸರಿಯಿದ್ದರೂ, ನೆಲದ ಮೇಲೆ ಅಲ್ಲಲ್ಲಿ ಏಟು ಸಾಯುವ ಪಟ್ಟಿಗಳು ಉಳಿಯುತ್ತವಂತೆ. ಅಕಾರ್ಡಿಯನ್ನೂ ಹಾಡುಗಾರರ ಮೈಕೂ ಸಬ್‌ವೂಫರಿಗೆ ಹೋಗದಂತೆ ತಡೆಯುತ್ತಾರೆ. "ಅಲ್ಲಿ ಕಿಕ್ಕು, ಬೇಸ್ ಗಿಟಾರು, ಇಬ್ಬರೇ ಇರಬೇಕು. ಎಲ್ಲರನ್ನೂ ತುಂಬಿದ್ರೆ ಸೌನಾ ಹಬೆಕೋಣೇಲಿ ಬೆಂಚು ಸಾಲದೆ ಜಗಳ ಆದಹಾಗೆ." ಕಿಕ್‌ನ ಸದ್ದನ್ನು ನಿನ್ನೆಯ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾರೆ. ಮತ್ತೆ ಕಾಲುಚೀಲದಲ್ಲಿ ನಡಿಗೆ. ಧಪ್. ಧಪ್. ಈಗ ಏಟು ಜೊತೆಗೇ ಬರುತ್ತದೆ.

ಮಧ್ಯಾಹ್ನ ಒನ್ನಿ ಬರುತ್ತಾರೆ. ಬಲಗಾಲಿನ ಶೂ ದಾರ ಕಟ್ಟಿಲ್ಲ. ರೈಲಿ ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದಿಡುತ್ತಾರೆ, ಅದನ್ನು ಮತ್ತೆ ಪಕ್ಕಕ್ಕೆ ಸರಿಸುತ್ತಾರೆ.

"ಒನ್ನಿ, ತಪ್ಪು ನನ್ನದು. ತಂತಿ ಉಲ್ಟಾ ಹಾಕಿದ್ದೆ. ನಿನ್ನ ಏಟು ನಡುವಿಗೆ ಬರಲೇ ಇಲ್ಲ."

ಒನ್ನಿ ಕಾಫಿ ಕಲಕುತ್ತಾರೆ. "ಅಂದ್ರೆ ಕಾಲು ಸರಿ ಇದೆ?"

"ಕಾಲು ಸರಿ ಇದೆ."

"ರಾತ್ರಿ ಹೆಂಡ್ತಿ ಐಸ್ ಕಟ್ಟಿದ್ಲು. ಡ್ರಮ್ ಮಾರಿಬಿಡಿ ಅಂದ್ಲು. ಹೂಂ ಅಂದುಬಿಟ್ಟೆ ಕಣೇ."

ರೈಲಿಯ ಕತ್ತು, ಕಿವಿ ಎಲ್ಲ ಕೆಂಪಾಗುತ್ತವೆ.

"ನನಗೇನೋ ಹೇಳಿದೆ," ಎನ್ನುತ್ತಾರೆ ಒನ್ನಿ, ಖಾಲಿ ಬೆಂಚುಗಳತ್ತ ಗಲ್ಲ ಎತ್ತಿ. "ನಕ್ಕವರು ಅವರು."

ಸಂಜೆ ಏಳು. ಬಿಸಿಲು ಇನ್ನೂ ಕಿಟಕಿಯಲ್ಲಿದೆ. ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ ನಿಂತಿದ್ದಾರೆ. ಮೊದಲ ಹಾಡು ಶುರುವಾಗುವವರೆಗೆ ನಡುವಿನ ನೆಲಕ್ಕೆ ಯಾರೂ ಕಾಲಿಡುವುದಿಲ್ಲ. ಆ ಖಾಲಿ ನೆಲದ ಮೇಲೆ ರೈಲಿ ಒಬ್ಬರೇ ನಡೆದು ಬರುತ್ತಾರೆ. ಮೂವತ್ತು ಬೇಸಿಗೆ ಮೈಕುಗಳನ್ನು ನೋಡಿಕೊಂಡವರು ಇವತ್ತು ಮೈಕು ಹಿಡಿದಿಲ್ಲ.

"ನಿನ್ನೆ ಒನ್ನಿ ಕಾಲಿಗೆ ಏನೂ ಆಗಿರಲಿಲ್ಲ," ಎನ್ನುತ್ತಾರೆ. "ತಂತಿ ಕಟ್ಟಿದ್ದು ನಾನು, ತಪ್ಪಾಗಿ ಕಟ್ಟಿದ್ದೆ. ಬೈದಿದ್ದು ಅವನಿಗೆ."

ಆಮೇಲೆ ಗಂಡಸರ ಕಡೆಯಿಂದ ಒಂದು ಗೊಗ್ಗರ ದನಿ: "ತಂತಿ ಕಟ್ಟೋಕೆ ಮೊಮ್ಮಗಳನ್ನ ಕಳಿಸ್ತೀಯಾ, ರೈಲಿ ಅಜ್ಜೀ?"

ಮಂಟಪವೆಲ್ಲ ನಗುತ್ತದೆ, ನಿನ್ನೆಯಷ್ಟೇ ಜೋರಾಗಿ. ರೈಲಿ ನೆಲ ನೋಡುತ್ತ ನಿಂತೇ ಇರುತ್ತಾರೆ, ನಗು ತಾನಾಗಿ ಮುಗಿಯುವವರೆಗೆ. ವೇದಿಕೆಯ ಮೇಲೆ ಔಲಿಸ್ ಅಕಾರ್ಡಿಯನ್ನಿನ ಪಟ್ಟಿ ಸರಿಮಾಡಿಕೊಳ್ಳುತ್ತಾರೆ, ತುಂಬಾ ಹೊತ್ತು.

"ಒನ್ನಿ," ಎನ್ನುತ್ತಾರೆ ಕೊನೆಗೆ, ಹಿಂದಿರುಗಿ ನೋಡದೆ. "ತಾಳ ಎಣಿಸು. ನಡುಬೇಸಿಗೆಗೂ ನೀನೇ ಎಣಿಸು."

ಒನ್ನಿ ಹಗುರವಾಗಿ ತುಳಿಯುತ್ತಾರೆ. ನೆಲದ ಹಲಗೆ ಅಂಗಾಲಿಗೆ ಉತ್ತರ ಕೊಡುತ್ತದೆ. ಎರಡು ಗೋಡೆಬದಿಯವರೂ ಒಟ್ಟಿಗೆ ಮುಂದೆ ಬಂದು ನಡುವನ್ನು ತುಂಬುತ್ತಾರೆ. ಕಾಫಿ ಕಟ್ಟೆಯಿಂದ ಕೆರ್ತ್ತು ಸಾಲಿಟ್ಟ ಕಪ್ಪುಗಳತ್ತ ಬೆರಳು ಮಾಡಿ ತೋರಿಸುತ್ತಾರೆ: ಅಲುಗುತ್ತಿಲ್ಲ.

ರೈಲಿ ಕುರ್ಚಿಯಲ್ಲಿ ಕೂರುವುದಿಲ್ಲ. ಗೋಡೆಯಂಚಿನಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿದ್ದಾರೆ. ಪುರವಣಿಗೆ ಒಂದು ಚಿತ್ರ ಬೇಕು ಎಂದು ಕೇಳಿದರೆ ಕೈಯಿಂದ ಮುಖ ಮರೆ ಮಾಡಿಕೊಳ್ಳುತ್ತಾರೆ.

"ತಂತಿ ವಿಷಯ ಬರಿ, ಬಿಡಬೇಡ," ಎನ್ನುತ್ತಾರೆ. "ಫೋಟೊ ಮಾತ್ರ ನನ್ನದು ಬೇಡ. ಒನ್ನಿ ಬಲಗಾಲಿನದು ಹಾಕಿಸು."